ಹಜಾರ್ಡಸ್ ವೇಸ್ಟ್ ನೋಟಿಸ್ ಬಂದಿದೆ, ಸುಮ್ನೆ ದಂಡ ಕಟ್ಟಿ ಸೈನ್ ಹಾಕ್ಬಿಡೋದಾ?

ಶಾಪ್‌ಫ್ಲೋರ್:
ಇಲ್ಲಿ ಅಮೆರಿಕದಲ್ಲಿ ಸಣ್ಣ ಮೆಟಲ್ ಪ್ಲೇಟಿಂಗ್ ಶಾಪಲ್ಲಿ ಮ್ಯಾನೇಜರ್ ನಾನು. ಮೂರ್ ತಿಂಗಳ ಹಿಂದೆ ರಾಜ್ಯದ ಪರಿಸರ ಇಲಾಖೆ ಇನ್ಸ್‌ಪೆಕ್ಟರ್ ಬಂದಾಗ ಹಿಂದಿನ ಶೆಡ್ಡಲ್ಲಿ ಎರಡು ಸ್ಲಡ್ಜ್ (ಕೆಸರಿನಂಥ ವೇಸ್ಟ್) ಡ್ರಮ್ಮು ಮುಚ್ಚಳ ಇಲ್ದೆ ನಿಂತಿತ್ತು, ಒಂದರ ಬಾಯಲ್ಲಿ ಫನಲ್ ಹಂಗೇ ಇತ್ತು, ಇನ್ನೊಂದರ ಲೇಬಲ್ಲಲ್ಲಿ ತಾರೀಖೇ ಬರ್ದಿರ್ಲಿಲ್ಲ. ಈಗ ನೋಟಿಸ್ ಜೊತೆ ಕನ್ಸೆಂಟ್ ಆರ್ಡರ್ (ಎರಡೂ ಕಡೆಯವ್ರು ಒಪ್ಪಿ ಕೇಸ್ ಮುಗಿಸೋ ಆದೇಶ) ಡ್ರಾಫ್ಟೂ ಬಂದಿದೆ. ಓನರ್ ಕಟ್ಟಿ ಕೈ ತೊಳ್ಕೊ ಅಂತಾರೆ. ಸೈನ್ ಹಾಕಿದ್ರೆ ತಪ್ಪು ಒಪ್ಕೊಂಡಂಗಾ? ವೇಸ್ಟ್ ಶಾಪಲ್ಲೇ ಇಟ್ಕೊಂಡು 180 ದಿನ ದಾಟಿದೆ ಅಂತ ಬೇರೆ ಬರ್ದಿದಾರೆ, ತಾರೀಖೇ ಇಲ್ದಿರೋ ಡ್ರಮ್ಮಿಗೆ ದಿನ ಹೆಂಗ್ ಎಣಿಸಿದ್ರೋ.

ಹಳೇ ಡ್ರಮ್ಮು:
ತಾರೀಖಿಲ್ಲ ಅಂದ್ರೆ ಅದು ನಿಮ್ಗೇ ಮುಳುವು ಸಾರ್. ತಿಂಗಳಿಗೆ 100 ಕೆಜಿಗಿಂತ ಜಾಸ್ತಿ, 1000 ಕೆಜಿಗಿಂತ ಕಮ್ಮಿ ವೇಸ್ಟ್ ಬರೋ ಜಾಗಕ್ಕೆ ಫೆಡರಲ್ ರೂಲ್ ಪ್ರಕಾರ ಸಾಮಾನ್ಯವಾಗಿ 180 ದಿನ, ಅದಕ್ಕಿಂತ ದೊಡ್ಡವರಿಗೆ 90, ಕೆಲವು ರಾಜ್ಯ ಇನ್ನೂ ಬಿಗಿ. ಯಾವತ್ತು ತುಂಬೋಕೆ ಶುರು ಮಾಡಿದ್ರಿ ಅನ್ನೋದನ್ನ ನೀವೇ ತೋರ್ಸ್ಬೇಕು, ಟ್ಯಾಂಕ್ ಕ್ಲೀನಿಂಗ್ ಲಾಗ್ ಬುಕ್ಕು, ಹಿಂದಿನ ಲೋಡ್ ಹೋದಾಗಿನ ಮ್ಯಾನಿಫೆಸ್ಟು (ವೇಸ್ಟ್ ಸಾಗಿಸಿದ ದಾಖಲೆ ಪತ್ರ) ಎಲ್ಲಾ ಹುಡ್ಕಿ. ನಮ್ದರಲ್ಲಿ ಹಂಗೇ ಒಂದು ಆರೋಪ ಕೈಬಿಟ್ರು, ದಂಡನೂ ಇಳೀತು. ಸೈನ್ ವಿಷಯ ಅಂದ್ರೆ, ಆರೋಪ ಒಪ್ತಿಲ್ಲ, ಕೇಸ್ ಮುಗಿಸೋಕಷ್ಟೇ ಸಹಿ ಅನ್ನೋ ಸಾಲು ಇದ್ಯಾ ನೋಡಿ, ಇಲ್ದಿದ್ರೆ ಕೇಳಿ ಹಾಕ್ಸ್ಕೊಳಿ. ಹಂಗಂತ ನಿರಾಳ ಆಗ್ಬೇಡಿ, ಮುಂದಿನ ಸಲ ಸಿಕ್ಕಿಬಿದ್ರೆ ಇದೇ ಆರ್ಡರ್ ತೆಗ್ದು ಮುಖದ ಮುಂದೆ ಹಿಡೀತಾರೆ.

ಲೆಕ್ಕದ ಪುಟ:
ಓನರಿಗೆ ಇದನ್ನ ಹೇಳಿ, ಬೇಗ ತಲೆಗೆ ಹೋಗತ್ತೆ. ದಂಡದ ದುಡ್ಡಿಗೆ ಟ್ಯಾಕ್ಸಲ್ಲಿ ಡಿಡಕ್ಷನ್ ಇಲ್ಲ. ಶೆಡ್ ಸರಿ ಮಾಡ್ಸೋದು, ಟ್ರೈನಿಂಗು ಅಂತ ಕಾನೂನು ಪಾಲಿಸೋಕೆ ಆಗೋ ಖರ್ಚಿಗೆ ಸಿಗಬೋದು, ಆದ್ರೆ 2017ರ ಟ್ಯಾಕ್ಸ್ ಬದಲಾವಣೆ ಆದ್ಮೇಲೆ ಅದು ಯಾತಕ್ಕೆ ಅಂತ ಆರ್ಡರಲ್ಲೇ ಬರ್ದಿರ್ಬೇಕು. ಆಮೇಲೆ ಹಿಯರಿಂಗ್ ಕೇಳೋಕೆ ಗಡುವು ಇದ್ಯಾ ನೋಡಿ, ಮಾತುಕತೆ ನಡೀತಿದೆಯಲ್ಲ ಅಂತ ಕೂತ್ರೆ ಅದು ನಿಮಗೋಸ್ಕರ ಕಾಯಲ್ಲ, ವಕೀಲರಿಗೆ ಇವತ್ತೇ ಫೋನ್ ಮಾಡಿ.

ಶಾಪ್‌ಫ್ಲೋರ್:
ಲಾಗ್ ಬುಕ್ ಸಿಕ್ತು! ನೈಟ್ ಶಿಫ್ಟ್ ಹುಡುಗ ಬರ್ದಿಟ್ಟಿದ್ದ ಪುಣ್ಯಾತ್ಮ, ಇನ್ಸ್‌ಪೆಕ್ಷನ್ ದಿನಕ್ಕೆ 151 ದಿನ ಅಷ್ಟೇ ಆಗಿತ್ತು. ಮುಚ್ಚಳದ್ದು ಮಾತ್ರ ವಾದ ಮಾಡೋ ಹಂಗಿಲ್ಲ, ಅವರು ತೆಗ್ದಿರೋ ಫೋಟೋದಲ್ಲಿ ಫನಲ್ ಪಕ್ಕ ನನ್ನ ಕಾಫಿ ಕಪ್ಪೂ ಕಾಣ್ತಿದೆ.