ಡಿಮಾರ್ಕ್ ಫೇಲ್ಯೂರ್ ರಿಪೋರ್ಟ್‌ನಲ್ಲಿ ಪೇಷೆಂಟ್ ಹೆಸರು ಬರ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ಒಂದು ಸಣ್ಣ ಲ್ಯಾಬ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ರಕ್ತಪರೀಕ್ಷೆಯ ರಿಪೋರ್ಟ್‌ಗಳನ್ನು ಮೇಲ್‌ನಲ್ಲೇ ಕಳಿಸುತ್ತೇವೆ. ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಕೆಐಎಂ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಮೊದಲೇ ಇತ್ತು. ಕಳೆದ ತಿಂಗಳು, ಈ ಎರಡನ್ನೂ ನೋಡಿ ನಕಲಿ ಮೇಲ್ ಹಿಡಿಯುವ ಡಿಮಾರ್ಕ್‌ನ ರೆಕಾರ್ಡ್ ಅನ್ನು ನಮ್ಮ ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರ ಎಲ್ಲರಿಗೂ ಸಿಗುವ ಪಟ್ಟಿ) ಹಾಕಿದೆ. ಎಲ್ಲೋ ಸಿಕ್ಕ ಮಾದರಿ ನೋಡಿ, ಡಿಮಾರ್ಕ್ ರಿಪೋರ್ಟ್ ಯಾವ ವಿಳಾಸಕ್ಕೆ ಬರಬೇಕು ಅಂತ ಹೇಳುವ ಆರ್‌ಯುಎ, ಆರ್‌ಯುಎಫ್, ಜೊತೆಗೆ ಫೇಲ್ಯೂರ್ ರಿಪೋರ್ಟ್ ಯಾವಾಗ ಕಳಿಸಬೇಕು ಅಂತ ಹೇಳುವ ಎಫ್‌ಓ=1 ಎಲ್ಲ ಸೇರಿಸಿದ್ದೆ. ನಿನ್ನೆ ಬಂದ ಒಂದು ಫೇಲ್ಯೂರ್ ರಿಪೋರ್ಟ್ ತೆರೆದರೆ ಪೇಷೆಂಟ್ ಹೆಸರು, "ಥೈರಾಯ್ಡ್ ರಿಪೋರ್ಟ್" ಅನ್ನೋ ಸಬ್ಜೆಕ್ಟ್, ಜೊತೆಗೆ ನಮ್ಮ ಹತ್ತಿರ ಇಲ್ಲದ ಇನ್ನೊಂದು ಮೇಲ್ ವಿಳಾಸ! ಕೇಳಿದರೆ, ಮೇಲ್ ಅವರಿಗೆ ಸರಿಯಾಗಿ ತಲುಪಿದೆ. ಹಾಗಿದ್ರೆ ಈ ರಿಪೋರ್ಟ್ ಯಾಕೆ ಬಂತು?

ಉತ್ತರ: ಮೊದಲು ಆರ್‌ಯುಎಫ್, ಎಫ್‌ಓ ಎರಡನ್ನೂ ರೆಕಾರ್ಡ್‌ನಿಂದ ತೆಗೆಯಿರಿ. ಆಮೇಲೆ ಉಳಿದದ್ದು ಓದಿ.

ಆರ್‌ಯುಎಗೆ ಬರುವುದು ಬರೀ ಲೆಕ್ಕ. ಸಾಮಾನ್ಯವಾಗಿ ದಿನಕ್ಕೊಂದು ಎಕ್ಸ್‌ಎಂಎಲ್ ಫೈಲ್. ಯಾವ ಐಪಿಯಿಂದ (ಕಳಿಸಿದ ಸರ್ವರ್‌ನ ನಂಬರ್) ನಿಮ್ಮ ಡೊಮೇನ್ ಹೆಸರಲ್ಲಿ ಎಷ್ಟು ಮೇಲ್ ಬಂತು, ಪಾಸಾ, ಫೇಲಾ, ಅಷ್ಟೇ. ಸಬ್ಜೆಕ್ಟ್ ಇರುವುದಿಲ್ಲ, ಪಡೆದವರ ವಿಳಾಸವೂ ಇರುವುದಿಲ್ಲ. ಆರ್‌ಯುಎಫ್ ಹಾಗಲ್ಲ. ಅದು ಒಂದೊಂದು ಮೇಲ್ ಬಗ್ಗೆ ಬರುವ ರಿಪೋರ್ಟ್. ಅದರಲ್ಲಿ ಮೇಲ್‌ನ ಹೆಡರ್ (ಯಾರಿಂದ, ಯಾರಿಗೆ, ಸಬ್ಜೆಕ್ಟ್ ಮುಂತಾದ ವಿವರ) ಇರುತ್ತದೆ. ಕೆಲವು ಸರ್ವರ್‌ಗಳು ಒಳಗಿನ ಬರಹವನ್ನೂ ಸೇರಿಸಿ ಕಳಿಸುತ್ತವೆ.

ಆ ಗೊತ್ತಿಲ್ಲದ ವಿಳಾಸದ ಬಗ್ಗೆ. ಪೇಷೆಂಟ್ ನಿಮಗೆ ಬಹುಶಃ ಆಫೀಸ್ ಮೇಲ್ ಕೊಟ್ಟಿದ್ದಾರೆ. ಅಲ್ಲಿಂದ ಸ್ವಂತ ಮೇಲ್‌ಗೆ ಫಾರ್ವರ್ಡ್ ಇಟ್ಟುಕೊಂಡಿದ್ದಾರೆ. ಫಾರ್ವರ್ಡ್ ಮಾಡಿದ ಸರ್ವರ್‌ನ ಐಪಿ ನಿಮ್ಮ ಎಸ್‌ಪಿಎಫ್‌ನಲ್ಲಿ ಇಲ್ಲ, ಹಾಗಾಗಿ ಅದು ಫೇಲ್. ಡಿಕೆಐಎಂ ಸಹಿ ಕೆಡದೆ ಉಳಿದಿದೆ, ಹಾಗಾಗಿ ಡಿಮಾರ್ಕ್ ಪಾಸ್. ಮೇಲ್ ತಲುಪಿತು. ಆದರೆ ಎಫ್‌ಓ=1 ಅಂದರೆ ಎಸ್‌ಪಿಎಫ್, ಡಿಕೆಐಎಂ ಎರಡರಲ್ಲಿ ಯಾವುದಾದರೂ ಒಂದು ತಪ್ಪಿದರೂ ತಿಳಿಸಿ ಅಂತ. ಏನೂ ಬರೆಯದೆ ಬಿಟ್ಟರೆ ಅದು 0, ಎರಡೂ ತಪ್ಪಿದಾಗ ಮಾತ್ರ.

ಆ ಪೇಷೆಂಟ್ ಯಾವ ತಪ್ಪೂ ಮಾಡಿಲ್ಲ. ಆದರೂ ಅವರು ನಿಮಗೆ ಕೊಡದ ವಿಳಾಸ ನಿಮ್ಮ ಕೈಗೆ ಬಂತು, ಅಲ್ವಾ? ನನಗೆ ಜಾಸ್ತಿ ನೋವಾಗುವುದು ಇದೇ. ಡಿಮಾರ್ಕ್ ಹೇಗೆ ಕೆಲಸ ಮಾಡಬೇಕು ಅಂತ ಬರೆದಿಟ್ಟ ದಾಖಲೆ, 2015ರ ಆರ್‌ಎಫ್‌ಸಿ 7489ರಲ್ಲೇ ಈ ಎಚ್ಚರಿಕೆ ಇದೆ: ಫಾರ್ವರ್ಡ್ ಆದ ಮೇಲ್ ಕೊನೆಗೆ ಎಲ್ಲಿಗೆ ಹೋಯಿತು ಅನ್ನುವುದು ರಿಪೋರ್ಟ್‌ನಿಂದ ಬಯಲಾಗಬಹುದು ಅಂತ. ಮಾದರಿ ನಕಲು ಮಾಡಿಕೊಳ್ಳುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಜಿಮೇಲ್ ಈ ಫೇಲ್ಯೂರ್ ರಿಪೋರ್ಟ್ ಕಳಿಸುವುದೇ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಅವರು ಡಿಮಾರ್ಕ್ ಕಡ್ಡಾಯ ಮಾಡಿದರು. ಅದಕ್ಕೂ ಆರ್‌ಯುಎಫ್ ಬೇಕಿಲ್ಲ. ಏನಾದರೂ ಕೆಟ್ಟಿದೆ ಅನಿಸಿದರೆ ನಿಮ್ಮದೇ ಒಂದು ಜಿಮೇಲ್ ಖಾತೆಗೆ ಲ್ಯಾಬ್‌ನಿಂದ ಒಂದು ಮೇಲ್ ಕಳಿಸಿ, ಅದರ ಹೆಡರ್ ನೋಡಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಫಲಿತಾಂಶವೂ ಅಲ್ಲೇ ಇರುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಮ್ಮ ಆರ್‌ಯುಎಫ್ ಹೊರಗಿನ ಒಂದು ರಿಪೋರ್ಟ್ ಸೇವೆಗೆ ಹೋಗುತ್ತದೆ. ಅವರು ತಮ್ಮ ಡಿಎನ್‌ಎಸ್‌ನಲ್ಲಿ ಒಪ್ಪಿಗೆಯ ರೆಕಾರ್ಡ್ ಹಾಕಿದ್ದಾರೆ. ಸಾಕಲ್ವಾ?

ಉತ್ತರ: ಅದು ಅವರ ಒಪ್ಪಿಗೆ ಅಷ್ಟೇ. ಯಾರೋ ಸುಮ್ನೆ ಅವರ ಇನ್‌ಬಾಕ್ಸ್‌ಗೆ ರಿಪೋರ್ಟ್ ಸುರಿಯದಿರಲಿ ಅಂತ ಇರುವ ವ್ಯವಸ್ಥೆ. ಮೇಲ್ ಪಡೆದವರನ್ನು ಯಾರೂ ಕೇಳಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರವೂ, ನಿಮ್ಮ ಪರವಾಗಿ ಬೇರೆಯವರು ಮಾಹಿತಿ ನೋಡಿಕೊಂಡರೂ ಹೊಣೆ ನಿಮ್ಮದೇ. ಅವರಿಗೆ ಆರ್‌ಯುಎ ಮಾತ್ರ ಕಳಿಸಿ.

ಮೊದಲು ಕೇಳಿದವರು: ತೆಗೆದೆ ಮೇಡಂ. ಹಳೆಯ ರಿಪೋರ್ಟ್‌ಗಳು?

ಉತ್ತರ: ಅಳಿಸಿ, ಟ್ರ್ಯಾಶ್‌ನಿಂದಲೂ. ಆ ಇನ್‌ಬಾಕ್ಸ್ ಬೇರೆ ಯಾರ ಫೋನ್‌ನಲ್ಲಾದರೂ ತೆರೆದಿದೆಯಾ ನೋಡಿ. ಹಳೆಯ ರೆಕಾರ್ಡ್ ಬೇರೆ ಸರ್ವರ್‌ಗಳ ಡಿಎನ್‌ಎಸ್ ಕ್ಯಾಶ್‌ನಲ್ಲಿ (ತಾತ್ಕಾಲಿಕ ನಕಲು) ಉಳಿದಿರುವುದರಿಂದ ಇನ್ನೂ ಸ್ವಲ್ಪ ಹೊತ್ತು ಒಂದೆರಡು ಬರಬಹುದು. ತೆರೆಯದೆ ಅಳಿಸಿಬಿಡಿ.