ಒಂದೇ ಕರ್ನಲ್, ಮೂರು ಬೋರ್ಡ್: ಫ್ಲ್ಯಾಶ್ ಪಾರ್ಟಿಷನ್‌ನ ಕಾನ್ಫಿಗ್ ಆಯ್ಕೆಗಳನ್ನು ಹೇಗೆ ಜೋಡಿಸಿಡುವುದು?

ಕೇಳಿದ್ದು

ಒಂದೇ ಲಿನಕ್ಸ್ ಸೋರ್ಸ್‌ನಿಂದ ಮೂರು ಬೋರ್ಡ್‌ಗಳಿಗೆ ಕರ್ನಲ್ ಬಿಲ್ಡ್ ಮಾಡಬೇಕು. ಮೊದಲನೆಯದರಲ್ಲಿ 16 ಎಂಬಿ ಎಸ್‌ಪಿಐ ನಾರ್, ಎರಡನೆಯದರಲ್ಲಿ 128 ಎಂಬಿ ಎಸ್‌ಎಲ್‌ಸಿ ನ್ಯಾಂಡ್, ಮೂರನೆಯದರಲ್ಲಿ ಎರಡೂ ಇವೆ (ನಾರ್, ನ್ಯಾಂಡ್ ಎಂಬವು ಫ್ಲ್ಯಾಶ್ ಮೆಮೊರಿಯ ಎರಡು ಜಾತಿ). ಬೋರ್ಡಿಗೊಂದು ಡೆಫ್‌ಕಾನ್ಫಿಗ್ (ಕರ್ನಲ್ ಆಯ್ಕೆಗಳ ಪಟ್ಟಿಯ ಫೈಲ್) ಇದೆ. ಒಂದನ್ನು ನೋಡಿ ಇನ್ನೊಂದು ಕಾಪಿ ಮಾಡಿದ್ದು, ಈಗ ಒಂದಕ್ಕೊಂದು ತಾಳೆಯಿಲ್ಲ. ಕರ್ನಲ್ 4.14ರಿಂದ 6.6ಕ್ಕೆ ಬಂದ ಮೇಲೆ ನ್ಯಾಂಡ್ ಬೋರ್ಡಿನಲ್ಲಿ ಫ್ಲ್ಯಾಶ್ ಕಾಣುತ್ತಲೇ ಇಲ್ಲ. ನಾರ್ ಬೋರ್ಡಿನಲ್ಲಿ ಯುಬೂಟ್ (ಬೂಟ್‌ಲೋಡರ್) ತನ್ನ ಸೆಟ್ಟಿಂಗ್ ಇಡುವ ಎನ್ವಿರಾನ್ಮೆಂಟ್ ಪಾರ್ಟಿಷನ್‌ಗೆ ಬರೆಯಲು ಆಗುತ್ತಿಲ್ಲ. ಅದು 496 ಕೆಬಿಯಿಂದ ಶುರುವಾಗುವ 16 ಕೆಬಿ ಪಾರ್ಟಿಷನ್. ಮೂರನೆಯ ಬೋರ್ಡಿನಲ್ಲಿ ಎಂಟಿಡಿ (ಕರ್ನಲ್‌ನ ಫ್ಲ್ಯಾಶ್ ವಿಭಾಗ) ನಂಬರುಗಳು ಒಂದೊಂದು ಮುಂದೆ ಸರಿದು ರೂಟ್ ಮೌಂಟ್ ಆಗುತ್ತಿಲ್ಲ. ಪಾರ್ಟಿಷನ್ ನಕ್ಷೆ ಎಲ್ಲಿರಬೇಕು, ಕಾನ್ಫಿಗ್‌ನಲ್ಲಿ ಏನೇನು ಇರಬೇಕು, ತಿಳಿದವರು ದಯವಿಟ್ಟು ಹೇಳಿ.

ಬೋರ್ಡ್ ಸಪೋರ್ಟ್ ಕೆಲಸ ಮಾಡುವವರೊಬ್ಬರ ಉತ್ತರ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಪಾರ್ಟಿಷನ್ ಎಲ್ಲಿ ಶುರು, ಎಷ್ಟು ದೊಡ್ಡದು ಎಂಬುದು ಕರ್ನಲ್ ಕಾನ್ಫಿಗ್‌ಗೆ ಸೇರಿದ್ದಲ್ಲ. ಆ ನಕ್ಷೆಯನ್ನು ಯಾವ ಪಾರ್ಸರ್ ಓದಬೇಕು ಎಂಬುದಷ್ಟೇ ಕಾನ್ಫಿಗ್‌ನಲ್ಲಿ ಇರಬೇಕು. ನಕ್ಷೆ ಒಂದೇ ಕಡೆ ಇರಲಿ. ನಿಮ್ಮಂಥ ಬೋರ್ಡ್‌ಗಳಿಗೆ ಅದು ಡಿವೈಸ್ ಟ್ರೀ, ಅಂದರೆ ಬೋರ್ಡಿನ ಹಾರ್ಡ್‌ವೇರ್ ವಿವರ ಕರ್ನಲ್‌ಗೆ ಕೊಡುವ ಫೈಲ್.

ಕಾನ್ಫಿಗ್ ಅನ್ನು ಬೋರ್ಡಿನ ಹೆಸರಿನಲ್ಲಿ ಒಡೆಯಬೇಡಿ, ಫ್ಲ್ಯಾಶ್ ಜಾತಿಯ ಪ್ರಕಾರ ಒಡೆಯಿರಿ. ಮೂರು ತುಣುಕು ಸಾಕು. (ಆಯ್ಕೆಗಳ ಹೆಸರಿನ ಮುಂದಿನ 'ಕಾನ್ಫಿಗ್_' ಬಿಟ್ಟು ಬರೆಯುತ್ತಿದ್ದೇನೆ.)

ಸಾಮಾನ್ಯ ತುಣುಕು: ಎಂಟಿಡಿ=ವೈ, ಎಂಟಿಡಿ_ಒಎಫ್_ಪಾರ್ಟ್ಸ್=ವೈ, ಜೊತೆಗೆ ಐಕೆಕಾನ್ಫಿಗ್ ಮತ್ತು ಐಕೆಕಾನ್ಫಿಗ್_ಪ್ರಾಕ್. ಕೊನೆಯ ಎರಡು ಇದ್ದರೆ ಓಡುತ್ತಿರುವ ಬೋರ್ಡಿನಲ್ಲೇ ಪ್ರಾಕ್ ಡೈರೆಕ್ಟರಿಯ ಕಾನ್ಫಿಗ್.ಜಿಝೆಡ್ ತೆರೆದು ನಿಜವಾಗಿ ಏನು ಬಿಲ್ಡ್ ಆಗಿದೆ ಎಂದು ನೋಡಬಹುದು.

ನಾರ್ ತುಣುಕು: ಎಸ್‌ಪಿಐ, ನಿಮ್ಮ ಚಿಪ್‌ನ ಎಸ್‌ಪಿಐ ಕಂಟ್ರೋಲರ್ ಡ್ರೈವರ್, ಎಂಟಿಡಿ_ಎಸ್‌ಪಿಐ_ನಾರ್, ಎಂಟಿಡಿ_ಬ್ಲಾಕ್, ಸ್ಕ್ವಾಶ್‌ಎಫ್‌ಎಸ್, ಸ್ಕ್ವಾಶ್‌ಎಫ್‌ಎಸ್_ಎಕ್ಸ್‌ಝಡ್, ಜೆಎಫ್‌ಎಫ್‌ಎಸ್2_ಎಫ್‌ಎಸ್. ಸ್ಕ್ವಾಶ್‌ಎಫ್‌ಎಸ್, ಜೆಎಫ್‌ಎಫ್‌ಎಸ್2 ಎರಡೂ ಫೈಲ್‌ಸಿಸ್ಟಮ್‌ಗಳು. ಎಕ್ಸ್‌ಝಡ್ ಆಯ್ಕೆ ಬೇರೆಯಾಗಿಯೇ ಇದೆ. ಅದನ್ನು ಮರೆತರೆ ಸ್ಕ್ವಾಶ್‌ಎಫ್‌ಎಸ್ ಇದ್ದರೂ ಈ ಕಂಪ್ರೆಷನ್‌ಗೆ ಬೆಂಬಲವಿಲ್ಲ ಎಂದು ಮೌಂಟ್ ನಿಲ್ಲುತ್ತದೆ.

ನ್ಯಾಂಡ್ ತುಣುಕು: ಎಂಟಿಡಿ_ರಾ_ನ್ಯಾಂಡ್, ಕಂಟ್ರೋಲರ್ ಡ್ರೈವರ್, ಎಂಟಿಡಿ_ಯುಬಿಐ, ಎಂಟಿಡಿ_ಯುಬಿಐ_ಬ್ಲಾಕ್, ಯುಬಿಐಎಫ್‌ಎಸ್_ಎಫ್‌ಎಸ್. ಯುಬಿಐ ಅಂದರೆ ಕೆಟ್ಟ ಬ್ಲಾಕ್‌ಗಳನ್ನು ನಿಭಾಯಿಸುವ ಪದರ, ಯುಬಿಐಎಫ್‌ಎಸ್ ಅದರ ಮೇಲೆ ಕೂರುವ ಫೈಲ್‌ಸಿಸ್ಟಮ್.

ಮೊದಲ ಬೋರ್ಡಿಗೆ ಸಾಮಾನ್ಯ ಮತ್ತು ನಾರ್, ಎರಡನೆಯದಕ್ಕೆ ಸಾಮಾನ್ಯ ಮತ್ತು ನ್ಯಾಂಡ್, ಮೂರನೆಯದಕ್ಕೆ ಮೂರೂ. ರೂಟ್ ಫೈಲ್‌ಸಿಸ್ಟಮ್ ಫ್ಲ್ಯಾಶ್‌ನಲ್ಲೇ ಇದ್ದು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ರಾಮ್‌ನಲ್ಲಿ ತೆರೆಯುವ ತಾತ್ಕಾಲಿಕ ರೂಟ್) ಇಲ್ಲದಿದ್ದರೆ ಇವೆಲ್ಲ 'ವೈ' (ಕರ್ನಲ್ ಒಳಗೇ) ಆಗಿರಲೇಬೇಕು. 'ಎಂ' (ಬೇರೆ ಮಾಡ್ಯೂಲ್) ಮಾಡಿದರೆ ಮಾಡ್ಯೂಲ್ ಲೋಡ್ ಮಾಡಲು ರೂಟ್ ಬೇಕು, ರೂಟ್ ಸಿಗಲು ಮಾಡ್ಯೂಲ್ ಬೇಕು. ಪಾರ್ಸರ್‌ಗೂ ಇದೇ ಮಾತು.

ನ್ಯಾಂಡ್ ಕಾಣದಿರುವುದಕ್ಕೆ ಕಾರಣ ಬಹುತೇಕ ಹೆಸರು ಬದಲಾದದ್ದು. 4.14ರಲ್ಲಿದ್ದ ಎಂಟಿಡಿ_ನ್ಯಾಂಡ್ ಈಗ ಎಂಟಿಡಿ_ರಾ_ನ್ಯಾಂಡ್. ಎಂಟಿಡಿ_ಎಂ25ಪಿ80 ಹೋಗಿ ಅದರ ಕೆಲಸ ಎಸ್‌ಪಿಐ ನಾರ್ ಒಳಗೇ ಸೇರಿದೆ. ಇನ್ನೂ ಹಳೆಯ ಎಂಟಿಡಿ_ಪಾರ್ಟಿಷನ್ಸ್ ಆಯ್ಕೆ 2011ರ ಸುಮಾರಿಗೇ ಹೋಯಿತು. ಪಾರ್ಟಿಷನ್ ಕೋಡ್ ಆಗಿನಿಂದ ಎಂಟಿಡಿ ಜೊತೆಗೇ ಬರುತ್ತದೆ. ಹಳೆಯ ಹೆಸರು ಡೆಫ್‌ಕಾನ್ಫಿಗ್‌ನಲ್ಲಿ ಉಳಿದಿದ್ದರೆ ಬಿಲ್ಡ್ ನಿಲ್ಲುವುದಿಲ್ಲ, ಆ ಸಾಲು ಸದ್ದಿಲ್ಲದೆ ಬಿದ್ದುಹೋಗುತ್ತದೆ. ನನ್ನ ಪ್ರಕಾರ ಕರ್ನಲ್ ಅಪ್‌ಗ್ರೇಡ್‌ನಲ್ಲಿ ಅತಿ ಹೆಚ್ಚು ಸಮಯ ನುಂಗುವುದು ಇದೇ.

ರೂಟರ್ ಫರ್ಮ್‌ವೇರ್ ಮಾಡುವವರೊಬ್ಬರು

ಎನ್ವಿರಾನ್ಮೆಂಟ್ ಪಾರ್ಟಿಷನ್‌ನ ಪ್ರಶ್ನೆಗೆ ಉತ್ತರ ನಿಮ್ಮ ಅಂಕಿಯಲ್ಲೇ ಇದೆ. 496 ಕೆಬಿಯನ್ನು 4ರಿಂದ ಭಾಗಿಸಿದರೆ ಶೇಷವಿಲ್ಲ, 64ರಿಂದ ಭಾಗಿಸಿದರೆ ಉಳಿಯುತ್ತದೆ. ಎಂಟಿಡಿ_ಎಸ್‌ಪಿಐ_ನಾರ್_ಯೂಸ್_4ಕೆ_ಸೆಕ್ಟರ್ಸ್ ಆನ್ ಇದ್ದಾಗ, ಚಿಪ್ ಒಪ್ಪಿದರೆ, ಎರೇಸ್ ಬ್ಲಾಕ್ (ಒಮ್ಮೆಗೆ ಅಳಿಸಬಹುದಾದ ಕನಿಷ್ಠ ಜಾಗ) 4 ಕೆಬಿ. ಆಫ್ ಮಾಡಿದರೆ ಸಾಮಾನ್ಯವಾಗಿ 64 ಕೆಬಿ. ಪಾರ್ಟಿಷನ್‌ನ ಶುರು ಅಥವಾ ಕೊನೆ ಎರೇಸ್ ಬ್ಲಾಕ್ ಗಡಿಗೆ ಕೂರದಿದ್ದರೆ ಕರ್ನಲ್ ಅದನ್ನು ಬಲವಂತವಾಗಿ ಓದಲು ಮಾತ್ರ ಎಂದು ಮಾಡುತ್ತದೆ, ಬೂಟ್ ಲಾಗ್‌ನಲ್ಲಿ ಎಚ್ಚರಿಕೆಯನ್ನೂ ಬರೆಯುತ್ತದೆ. ಹಾಗೆ ಮಾಡುವುದು ಸರಿಯೇ. ಬರೆಯಲು ಬಿಟ್ಟಿದ್ದರೆ ಎನ್ವ್ ಅಳಿಸುವಾಗ ಅದೇ ಬ್ಲಾಕಿನಲ್ಲಿರುವ ಯುಬೂಟ್‌ನ ಬಾಲವೂ ಅಳಿಸಿಹೋಗುತ್ತಿತ್ತು. ನಿಮ್ಮ ಕಾಪಿ ಮಾಡಿದ ಕಾನ್ಫಿಗ್‌ನಲ್ಲಿ ಈ ಆಯ್ಕೆ ಎಲ್ಲೋ ಆಫ್ ಆಗಿದೆ.

ಯಾವುದು ಒಳ್ಳೆಯದು? ಹೊಸ ಬೋರ್ಡಿಗೆ ನಾನು 64 ಕೆಬಿ ಎನ್ನುತ್ತೇನೆ. ವಿನ್‌ಬಾಂಡ್‌ನ 128 ಮೆಗಾಬಿಟ್ ಡಬ್ಲ್ಯು25ಕ್ಯು128ಜೆವಿ ಚಿಪ್‌ನಲ್ಲಿ 4 ಕೆಬಿ ಅಳಿಸಲು ಸಾಮಾನ್ಯವಾಗಿ 45 ಮಿಲಿಸೆಕೆಂಡ್, 64 ಕೆಬಿ ಬ್ಲಾಕಿಗೆ 150. ಅಂದರೆ 64 ಕೆಬಿಯನ್ನು 4ರ ಲೆಕ್ಕದಲ್ಲಿ ಅಳಿಸಿದರೆ 720 ಮಿಲಿಸೆಕೆಂಡ್. ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅದೂ ಅಲ್ಲದೆ ಯುಬಿಐಎಫ್‌ಎಸ್‌ಗೆ ಕನಿಷ್ಠ 15 ಕೆಬಿ ಬ್ಲಾಕ್ ಬೇಕು, ಜೆಎಫ್‌ಎಫ್‌ಎಸ್2 ಇಮೇಜ್ ಮಾಡುವ ಎಂಕೆಎಫ್‌ಎಸ್.ಜೆಎಫ್‌ಎಫ್‌ಎಸ್2 ಕೂಡ 8 ಕೆಬಿಗಿಂತ ಕಡಿಮೆ ಕೊಟ್ಟರೆ ತಾನೇ 8ಕ್ಕೆ ಏರಿಸುತ್ತದೆ.

16 ಎಂಬಿಗೆ 64 ಕೆಬಿ ಗಡಿಯಲ್ಲಿ ಕೂರುವ ನಕ್ಷೆ ಇದು:

ಯುಬೂಟ್ – 0ಯಿಂದ, 512 ಕೆಬಿ, ಓದಲು ಮಾತ್ರ
ಎನ್ವ್ – 512ರಿಂದ, 64 ಕೆಬಿ
ಎನ್ವ್2 – 576ರಿಂದ, 64 ಕೆಬಿ
ಕರ್ನಲ್ – 640ರಿಂದ, 4096 ಕೆಬಿ
ರೂಟ್‌ಎಫ್‌ಎಸ್ – 4736ರಿಂದ, 8192 ಕೆಬಿ
ಡೇಟಾ – 12928ರಿಂದ, ಉಳಿದ 3456 ಕೆಬಿ

ಡೇಟಾಗೆ 54 ಬ್ಲಾಕ್ ಸಿಗುತ್ತವೆ, ಜೆಎಫ್‌ಎಫ್‌ಎಸ್2ಗೆ ಧಾರಾಳ. ಐದಕ್ಕಿಂತ ಕಡಿಮೆ ಬ್ಲಾಕ್ ಇದ್ದರೆ ಅದು ಮೌಂಟ್ ಆಗುವುದೇ ಇಲ್ಲ, ಆದ್ದರಿಂದ 64 ಕೆಬಿ ಬ್ಲಾಕಿನಲ್ಲಿ 320 ಕೆಬಿಗಿಂತ ಚಿಕ್ಕ ಜೆಎಫ್‌ಎಫ್‌ಎಸ್2 ಪಾರ್ಟಿಷನ್ ಇಡಬೇಡಿ. ಎನ್ವ್ ಜಾಗ ಬದಲಿಸಿದರೆ ಯುಬೂಟ್ ಕಾನ್ಫಿಗ್‌ನ ಎನ್ವ್_ಆಫ್‌ಸೆಟ್, ಎನ್ವ್_ಸೈಜ್, ಎನ್ವ್_ಸೆಕ್ಟ್_ಸೈಜ್ ಮೂರನ್ನೂ, ಎನ್ವ್ ಎಲ್ಲಿದೆ ಎಂದು ಲಿನಕ್ಸ್ ಕಡೆಯ ಟೂಲ್‌ಗೆ ಹೇಳುವ, ಬೋರ್ಡಿನ ಎಫ್‌ಡಬ್ಲ್ಯು_ಎನ್ವ್.ಕಾನ್ಫಿಗ್ ಫೈಲನ್ನೂ ಒಟ್ಟಿಗೇ ಬದಲಿಸಿ. ಈಗಾಗಲೇ ಗ್ರಾಹಕರ ಕೈಯಲ್ಲಿರುವ ಬೋರ್ಡ್‌ಗಳಲ್ಲಿ ಯುಬೂಟ್ ಮುಟ್ಟುವ ಧೈರ್ಯ ಬೇಡ. ಅವುಗಳಿಗೆ 4ಕೆ ಆಯ್ಕೆಯನ್ನು ಮತ್ತೆ ಆನ್ ಮಾಡಿ ಹಳೆಯ ನಕ್ಷೆಯಲ್ಲೇ ಮುಂದುವರಿಯಿರಿ.

ಬಿಲ್ಡ್ ವ್ಯವಸ್ಥೆ ನೋಡಿಕೊಳ್ಳುವವರು

ಮೇಲಿನವರ ತುಣುಕುಗಳಿಗೆ ಎರಡು ಎಚ್ಚರಿಕೆ ಸೇರಿಸುತ್ತೇನೆ.

4ಕೆ ಆಯ್ಕೆ ತಾನಾಗಿಯೇ 'ವೈ' ಆಗಿ ಬರುವಂಥದ್ದು. ತುಣುಕಿನಿಂದ ಆ ಸಾಲು ಅಳಿಸಿದರೆ ಅದು ಆಫ್ ಆಗುವುದಿಲ್ಲ, ಮತ್ತೆ ಆನ್ ಆಗುತ್ತದೆ. ಆಫ್ ಮಾಡಬೇಕಾದರೆ ಹ್ಯಾಶ್ ಚಿಹ್ನೆ, ಆಯ್ಕೆಯ ಪೂರ್ತಿ ಹೆಸರು, 'ಈಸ್ ನಾಟ್ ಸೆಟ್' ಎಂಬ ಸಾಲನ್ನು ಬರೆಯಬೇಕು. ನೋಡಲು ಕಾಮೆಂಟ್‌ನಂತೆ ಕಂಡರೂ ಕೆಕಾನ್ಫಿಗ್ (ಕರ್ನಲ್‌ನ ಕಾನ್ಫಿಗ್ ವ್ಯವಸ್ಥೆ) ಅದನ್ನು ಓದುತ್ತದೆ. ಯಾರೋ ಫೈಲ್ ಸ್ವಚ್ಛ ಮಾಡಲು ಹೋಗಿ ಅಳಿಸದಂತೆ ಅದರ ಮೇಲೆ ನಿಜವಾದ ಕಾಮೆಂಟ್ ಒಂದು ಸಾಲು ಬರೆದು ಕಾರಣ ಹೇಳಿ.

ಎರಡನೆಯದು, ತುಣುಕುಗಳನ್ನು ಸೇರಿಸುವ ಮರ್ಜ್_ಕಾನ್ಫಿಗ್.ಎಸ್‌ಎಚ್. ಇದು ಕರ್ನಲ್ ಸೋರ್ಸ್‌ನ ಸ್ಕ್ರಿಪ್ಟ್ಸ್/ಕೆಕಾನ್ಫಿಗ್ ಡೈರೆಕ್ಟರಿಯಲ್ಲಿದೆ. ಕೇಳಿದ ಆಯ್ಕೆ ಕೊನೆಯ ಕಾನ್ಫಿಗ್‌ನಲ್ಲಿ ಬರದಿದ್ದರೆ ಕೇಳಿದ್ದು ಇದು, ಬಂದದ್ದು ಇದು ಎಂದು ಅದೇ ಹೇಳುತ್ತದೆ. ಆದರೆ '-ಎಂ' ಕೊಟ್ಟು ಓಡಿಸಿದರೆ ಸೇರಿಸುವ ಕೆಲಸವಷ್ಟೇ ಆಗುತ್ತದೆ, ಈ ತಪಾಸಣೆ ಆಗುವುದಿಲ್ಲ. ಅನೇಕ ಬಿಲ್ಡ್ ಸ್ಕ್ರಿಪ್ಟ್‌ಗಳು '-ಎಂ' ಹಾಕಿ, ಆಮೇಲೆ ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸುತ್ತವೆ. ಎಂಟಿಡಿ_ನ್ಯಾಂಡ್‌ನಂಥ ಸತ್ತ ಹೆಸರುಗಳು ನುಸುಳುವುದು ಅಲ್ಲೇ. '-ಎಂ' ಬಿಡಿ. ಬಿಡಲಾಗದಿದ್ದರೆ ತುಣುಕಿನ ಪ್ರತಿ ಸಾಲೂ ಕೊನೆಯ ಕಾನ್ಫಿಗ್‌ನಲ್ಲಿ ಇದೆಯೇ ಎಂದು ಗ್ರೆಪ್ ಮಾಡಿ, ಇಲ್ಲದಿದ್ದರೆ ಬಿಲ್ಡ್ ನಿಲ್ಲಿಸಿ.

ಪೂರ್ತಿ ಲಿನಕ್ಸ್ ಇಮೇಜ್ ಕಟ್ಟುವ ಬಿಲ್ಡ್‌ರೂಟ್, ಯೋಕ್ಟೋ ಬಳಸುವವರಿಗೆ ಒಂದು ಮಾತು: ಬಿಲ್ಡ್‌ರೂಟ್‌ನಲ್ಲಿ ತುಣುಕುಗಳ ಪಟ್ಟಿ ಕೊಡಲು ಬೇರೆ ಆಯ್ಕೆಯೇ ಇದೆ. ಯೋಕ್ಟೋದಲ್ಲಿ ಕರ್ನಲ್ ರೆಸಿಪಿಗೆ '.ಸಿಎಫ್‌ಜಿ' ಫೈಲ್ ಸೇರಿಸಿದರಾಯಿತು.

ಕೇಳಿದವರು ಮತ್ತೆ

ತುಂಬಾ ಉಪಯೋಗವಾಯಿತು. ನ್ಯಾಂಡ್ ಕಾಣಿಸಿತು, ಹೆಸರೇ ಕಾರಣ. ಇನ್ನೊಂದು ಸಂದೇಹ: ಡಿವೈಸ್ ಟ್ರೀಯಲ್ಲಿ ಹೊಸ ನಕ್ಷೆ ಬರೆದರೂ ಬೋರ್ಡಿನಲ್ಲಿ ಹಳೆಯ ನಕ್ಷೆಯೇ ಬರುತ್ತಿದೆ. ಯಾಕೆ?

ಬೋರ್ಡ್ ಸಪೋರ್ಟ್‌ನವರು

ಯುಬೂಟ್‌ನಲ್ಲಿ ಸೇವ್ ಆಗಿರುವ ಬೂಟ್‌ಆರ್ಗ್ಸ್ (ಕರ್ನಲ್‌ಗೆ ಕೊಡುವ ಕಮಾಂಡ್ ಲೈನ್) ನೋಡಿ, ಅದರಲ್ಲಿ ಹಳೆಯ ನಕ್ಷೆ ಹೇಳುವ ಎಂಟಿಡಿಪಾರ್ಟ್ಸ್ ಸಾಲು ಉಳಿದಿರುತ್ತದೆ. ಡ್ರೈವರ್ ಬೇರೆ ಪಟ್ಟಿ ಕೊಡದಿದ್ದರೆ ಕರ್ನಲ್ ಮೊದಲು ಕಮಾಂಡ್ ಲೈನ್ ಪಾರ್ಸರ್ ಕೇಳುತ್ತದೆ, ಆಮೇಲೆ ಡಿವೈಸ್ ಟ್ರೀ. ಮೊದಲು ಯಾರಿಗೆ ಪಾರ್ಟಿಷನ್ ಸಿಕ್ಕಿತೋ ಅವರದೇ ಕೊನೆ ಮಾತು, ಎರಡನ್ನೂ ಬೆರೆಸುವುದಿಲ್ಲ. ಲಾಗ್‌ನಲ್ಲಿ 'ಸಿಎಂಡಿಲೈನ್‌ಪಾರ್ಟ್' ಎಂದಿದೆಯೋ 'ಫಿಕ್ಸ್ಡ್-ಪಾರ್ಟಿಷನ್ಸ್' ಎಂದಿದೆಯೋ ನೋಡಿದರೆ ಯಾರು ಗೆದ್ದರು ಎಂದು ತಿಳಿಯುತ್ತದೆ. ಗ್ರಾಹಕರಿಗೆ ಹೋಗುವ ಬಿಲ್ಡ್‌ನಲ್ಲಿ ಎಂಟಿಡಿ_ಸಿಎಂಡಿಲೈನ್_ಪಾರ್ಟ್ಸ್ ಆಫ್ ಮಾಡಿ.

ಇನ್ನು ಡಿವೈಸ್ ಟ್ರೀಯಲ್ಲಿ 'ಪಾರ್ಟಿಷನ್ಸ್' ನೋಡ್‌ಗೆ ಕಂಪ್ಯಾಟಿಬಲ್ 'ಫಿಕ್ಸ್ಡ್-ಪಾರ್ಟಿಷನ್ಸ್' ಎಂದು ಬರೆದಿರಬೇಕು. ಅದಿಲ್ಲದಿದ್ದರೆ ಒಂದೂ ಪಾರ್ಟಿಷನ್ ಹುಟ್ಟುವುದಿಲ್ಲ, ಇಡೀ ಚಿಪ್ ಒಂದೇ ಎಂಟಿಡಿಯಾಗಿ ಕಾಣುತ್ತದೆ.

ಕೈಗಾರಿಕಾ ಗೇಟ್‌ವೇ ಮಾಡುವವರೊಬ್ಬರು

ಕಮಾಂಡ್ ಲೈನ್ ಪಾರ್ಸರ್ ಆಫ್ ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದೇ ಬೋರ್ಡಿಗೆ 16 ಮತ್ತು 32 ಎಂಬಿ ಚಿಪ್ ಎರಡೂ ಹಾಕುವವರಿಗೆ ಯುಬೂಟೇ ಗಾತ್ರ ನೋಡಿ ಸಾಲು ಕೊಡುವುದು ಸಲೀಸು:

ಎಂಟಿಡಿಪಾರ್ಟ್ಸ್=ಎಸ್‌ಪಿಐ0.0:512ಕೆ(ಯುಬೂಟ್)ಆರ್‌ಒ,64ಕೆ(ಎನ್ವ್),64ಕೆ(ಎನ್ವ್2),4ಎಂ(ಕರ್ನಲ್),8ಎಂ(ರೂಟ್‌ಎಫ್‌ಎಸ್),-(ಡೇಟಾ)

'-' ಅಂದರೆ ಉಳಿದದ್ದೆಲ್ಲ, ಅದಾದ ಮೇಲೆ ಇನ್ನೊಂದು ಪಾರ್ಟಿಷನ್ ಬರಕೂಡದು. ಕೋಲನ್‌ಗೆ ಮೊದಲಿನ ಹೆಸರು ಕರ್ನಲ್ ಆ ಚಿಪ್‌ಗೆ ಇಟ್ಟ ಹೆಸರಿಗೆ ಅಕ್ಷರಶಃ ಹೊಂದಬೇಕು. ಎರಡು ಚಿಪ್ ಇದ್ದರೆ ನಡುವೆ ಸೆಮಿಕೋಲನ್ ಬರುತ್ತದೆ. ಯುಬೂಟ್‌ನಲ್ಲಿ ಅದು ಕಮಾಂಡ್ ಮುಗಿಯುವ ಗುರುತು, ಹಾಗಾಗಿ ಸಾಲನ್ನು ಸಿಂಗಲ್ ಕೋಟ್‌ನಲ್ಲಿ ಇಡಿ. ಆರ್ಮ್‌ನಲ್ಲಿ ಸಿಎಂಡಿಲೈನ್_ಫೋರ್ಸ್ ಆನ್ ಇದ್ದರೆ ಯುಬೂಟ್ ಕೊಟ್ಟದ್ದೆಲ್ಲ ವ್ಯರ್ಥ, ಅದನ್ನೂ ನೋಡಿಕೊಳ್ಳಿ.

ಆದರೆ ನಕ್ಷೆ ಒಂದೇ ಕಡೆ ಇರಲಿ ಎಂಬ ಮಾತು ನಿಜ. ಈ ದಾರಿ ಹಿಡಿದರೆ ಡಿವೈಸ್ ಟ್ರೀಯಿಂದ ನಕ್ಷೆ ತೆಗೆದುಬಿಡಿ.

ನ್ಯಾಂಡ್ ಬಲ್ಲವರು

ನಾರ್ ನಕ್ಷೆಯನ್ನೇ ಹಿಗ್ಗಿಸಿ ನ್ಯಾಂಡ್‌ಗೆ ಹಾಕಬೇಡಿ, ಜಾಗ ಸುಮ್ಮನೆ ಸೋರಿಹೋಗುತ್ತದೆ. 128 ಕೆಬಿ ಬ್ಲಾಕ್ ಇರುವ 128 ಎಂಬಿ ಚಿಪ್ ಅಂದರೆ 1024 ಬ್ಲಾಕ್. ಎಂಟಿಡಿ_ಯುಬಿಐ_ಬಿಇಬಿ_ಲಿಮಿಟ್ ತಾನಾಗಿ 20 ಇರುತ್ತದೆ, ಅಂದರೆ 1024ಕ್ಕೆ 20 ಬ್ಲಾಕ್ ಕೆಡಬಹುದೆಂದು ಕಾದಿಡುತ್ತದೆ. ಈ ಲೆಕ್ಕ ಪಾರ್ಟಿಷನ್ ಗಾತ್ರದ ಮೇಲಲ್ಲ, ಇಡೀ ಚಿಪ್ ಮೇಲೆ, ಯಾಕೆಂದರೆ ಕೆಟ್ಟ ಬ್ಲಾಕ್‌ಗಳೆಲ್ಲ ಒಂದೇ ಪಾರ್ಟಿಷನ್‌ನಲ್ಲಿ ಬರುವ ಸಾಧ್ಯತೆ ಇದೆ. ಯುಬಿಐ ತನ್ನ ಲೆಕ್ಕಪತ್ರಕ್ಕೆ ಇನ್ನೂ 4 ಬ್ಲಾಕ್ ತೆಗೆದುಕೊಳ್ಳುತ್ತದೆ. ಒಟ್ಟು 24 ಬ್ಲಾಕ್, 3 ಎಂಬಿ. ರೂಟ್, ಡೇಟಾ, ಬ್ಯಾಕಪ್ ಎಂದು ಮೂರು ಯುಬಿಐ ಪಾರ್ಟಿಷನ್ ಮಾಡಿದರೆ 9 ಎಂಬಿ ಹೋಯಿತು. ಕಡಿಮೆ ಮಾಡಲೆಂದು ಆ ಲಿಮಿಟ್ ಇಳಿಸುವುದು ಅಪಾಯ. ಚಿಪ್‌ನ ಡೇಟಾಶೀಟ್ ಎಷ್ಟು ಬ್ಲಾಕ್ ಕೆಡಬಹುದು ಎನ್ನುತ್ತದೋ ಅದಕ್ಕಿಂತ ಕೆಳಗೆ ಹೋಗಬಾರದು.

ಬದಲು ಬೂಟ್‌ಲೋಡರ್‌ಗೆ ಬೇಕಾದಷ್ಟು ಬಿಟ್ಟು ಮಿಕ್ಕದ್ದೆಲ್ಲ ಒಂದೇ ಎಂಟಿಡಿ ಪಾರ್ಟಿಷನ್, ಅದರೊಳಗೆ ಯುಬಿಐ ವಾಲ್ಯೂಮ್‌ಗಳು. ವೇರ್ ಲೆವೆಲಿಂಗ್ (ಸವೆತವನ್ನು ಎಲ್ಲ ಬ್ಲಾಕ್‌ಗಳಿಗೂ ಹಂಚುವುದು) ಕೂಡ ಆಗ ಆ ಇಡೀ ಜಾಗಕ್ಕೆ ಹರಡುತ್ತದೆ. ಪೇಜ್ 2048 ಬೈಟ್ ಇದ್ದು ಸಬ್‌ಪೇಜ್ ಇಲ್ಲದಿದ್ದರೆ ಪ್ರತಿ ಬ್ಲಾಕಿನಲ್ಲಿ ಎರಡು ಪೇಜ್ ಹೆಡರ್‌ಗೆ ಹೋಗಿ 126976 ಬೈಟ್ ಉಳಿಯುತ್ತದೆ, ಎಂಕೆಎಫ್‌ಎಸ್.ಯುಬಿಐಎಫ್‌ಎಸ್‌ಗೆ ಕೊಡಬೇಕಾದ ಅಂಕಿ ಅದು. ಸ್ಕ್ವಾಶ್‌ಎಫ್‌ಎಸ್ ಬೇಕಾದರೆ ಎಂಟಿಡಿಬ್ಲಾಕ್ ಮೇಲಲ್ಲ, ಯುಬಿಐ ಬ್ಲಾಕ್ ಮೇಲೆ ಇಡಿ. ಎಂಟಿಡಿಬ್ಲಾಕ್‌ಗೆ ಕೆಟ್ಟ ಬ್ಲಾಕ್ ದಾಟಿ ಹೋಗುವುದು ಗೊತ್ತಿಲ್ಲ.

ನಂಬರು ಸರಿದದ್ದಕ್ಕೆ ಎಂಟಿಡಿ_ಪಾರ್ಟಿಷನ್ಡ್_ಮಾಸ್ಟರ್ ನೋಡಿ. ಅದು ಆನ್ ಆದರೆ ಇಡೀ ಚಿಪ್ ಎಂಟಿಡಿ0 ಆಗುತ್ತದೆ, ಉಳಿದವು ಒಂದೊಂದು ಮುಂದೆ. ಎರಡು ಚಿಪ್ ಇರುವ ಬೋರ್ಡಿನಲ್ಲಿ ಯಾವ ಡ್ರೈವರ್ ಮೊದಲು ಎದ್ದಿತು ಎಂಬುದರ ಮೇಲೂ ನಂಬರು ಬದಲಾಗುತ್ತದೆ. ಆಯ್ಕೆ ಸರಿಪಡಿಸುವುದಕ್ಕಿಂತ ನಂಬರು ಬಿಟ್ಟು ಹೆಸರು ಬಳಸುವುದು ಒಳ್ಳೆಯದು: 'ಯುಬಿಐ.ಎಂಟಿಡಿ=ಯುಬಿಐ ರೂಟ್=ಯುಬಿಐ0:ರೂಟ್‌ಎಫ್‌ಎಸ್ ರೂಟ್‌ಎಫ್‌ಎಸ್‌ಟೈಪ್=ಯುಬಿಐಎಫ್‌ಎಸ್'. ಎರಡು ಚಿಪ್‌ಗಳಲ್ಲಿ ಒಂದೇ ಹೆಸರಿನ ಪಾರ್ಟಿಷನ್ ಇರಬಾರದು. ಎಫ್‌ಡಬ್ಲ್ಯು_ಎನ್ವ್.ಕಾನ್ಫಿಗ್‌ಗೆ ಡಿವೈಸ್ ಫೈಲ್ ದಾರಿ ಬೇಕಾದ್ದರಿಂದ, ಬೂಟ್ ಆಗುವಾಗ ಪ್ರಾಕ್‌ನ ಎಂಟಿಡಿ ಫೈಲ್ ಓದಿ ಆ ಹೆಸರಿಗೊಂದು ಸಿಮ್‌ಲಿಂಕ್ ಮಾಡುವ ಸ್ಕ್ರಿಪ್ಟ್ ಇಡಿ, ಕಾನ್ಫಿಗ್‌ನಲ್ಲಿ ಆ ಸಿಮ್‌ಲಿಂಕ್ ಬರೆಯಿರಿ.