ಅಪ್ಪನ ದಮ್ಮಿನ ಮಾತ್ರೆ, ಅಪ್ಪನ ಚಹಾ

ಪ್ರಶ್ನೆ, ಸಿಂಧನೂರಿನಿಂದ: ಅಪ್ಪನಿಗೆ 64 ವರ್ಷ. ದಮ್ಮಿಗೆ ಥಿಯೋಫಿಲಿನ್ ಮಾತ್ರೆ ತಗೊಳ್ಳುತ್ತಾರೆ. ದಿನಕ್ಕೆ ಏಳೆಂಟು ಚಹಾ ಬೇಕು. ಮೂರು ದಿನದಿಂದ ರಾತ್ರಿ ನಿದ್ದೆ ಇಲ್ಲ, ಕೈ ನಡುಗುತ್ತಿದೆ. ಕಪ್ಪು ಬಸಿಯಲ್ಲಿ ಕಟಕಟ ಅನ್ನುತ್ತದೆ. ಮಾತ್ರೆಗೂ ಚಹಾಕ್ಕೂ ಆಗಿಬರಲ್ವಾ?

ಫಾರ್ಮಸಿಸ್ಟ್: ಆಗಿಬರದೆ ಏನು, ಅವೆರಡೂ ಅಣ್ಣತಮ್ಮ! ಎಚ್ಚರ ಇದ್ದಷ್ಟು ಹೊತ್ತು ಮೆದುಳಿನಲ್ಲಿ ಅಡಿನೋಸಿನ್ ಅನ್ನೋ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ತನ್ನ ರಿಸೆಪ್ಟರ್ ಮೇಲೆ, ಅಂದರೆ ಜೀವಕೋಶದಲ್ಲಿ ತನಗಿರುವ ಸೀಟಿನ ಮೇಲೆ, ಕೂತಾಗ ನಿದ್ದೆ ಎಳೆಯುತ್ತದೆ. ಚಹಾದ ಕೆಫೀನ್ ಬಂದು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಆ ಜಾಗ ಹಿಡಿಯುತ್ತದೆ. ಅಡಿನೋಸಿನ್ ನಿಂತೇ ಇರುತ್ತದೆ. ದಣಿವು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಥಿಯೋಫಿಲಿನ್ ಕೂಡ ಅದೇ ಸೀಟಿಗೆ ಟವೆಲ್ ಹಾಕುತ್ತದೆ. ಉಸಿರಿನ ನಾಳ ಸಡಿಲಾಗುವುದು ಹೆಚ್ಚಾಗಿ ಅದರ ಇನ್ನೊಂದು ಗುಣದಿಂದ. ಎದೆ ಡವಡವ, ನಿದ್ದೆಗೇಡು ಬರುವುದರಲ್ಲಿ ಈ ಸೀಟು ಹಿಡಿಯುವ ಕೆಲಸದ ಪಾಲು ದೊಡ್ಡದು.

ಆದರೆ ಏಳೆಂಟು ಚಹಾ ಹಳೇ ಅಭ್ಯಾಸ ಅಲ್ವಾ? ಈಚೆಗೆ ಹೊಸದೇನಾದರೂ ಶುರುವಾಯಿತಾ?

ಸಿಂಧನೂರು: ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯೋಟಿಕ್, 4 ದಿನ ಆಯಿತು. ಬೇರೆ ಕಡೆ ತೋರಿಸಿದೆವು, ದಮ್ಮಿನ ಮಾತ್ರೆ ವಿಷಯ ಹೇಳಲಿಲ್ಲ. ಹಾಂ, ಬೀಡಿ ಬಿಟ್ಟು ತಿಂಗಳಾಯಿತು.

ಫಾರ್ಮಸಿಸ್ಟ್: ಹಾಗಾದರೆ ಚಹಾವನ್ನು ಸುಮ್ನೆ ಬೈಯ್ತಿದ್ದೀವಿ. ಥಿಯೋಫಿಲಿನ್, ಕೆಫೀನ್ ಎರಡನ್ನೂ ಲಿವರಿನ ಒಂದೇ ಎಂಜೈಮ್ ಕರಗಿಸುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಅದರ ಕೈ ಕಟ್ಟುತ್ತದೆ. ಬೀಡಿ ಹೊಗೆ ಅದನ್ನು ಚುರುಕು ಮಾಡಿಟ್ಟಿತ್ತು, ಬಿಟ್ಟ ಮೇಲೆ ನಿಧಾನವಾಯಿತು. ಬೀಡಿ ಬಿಟ್ಟಿದ್ದು ಒಳ್ಳೇದೇ, ಮತ್ತೆ ಹಚ್ಚಬೇಡಿ! ಆದರೆ ಅದೇ ಮಾತ್ರೆ ಈಗ ರಕ್ತದಲ್ಲಿ ಜಾಸ್ತಿಯಾಗಿ ನಿಲ್ಲುತ್ತಿರಬಹುದು. ಮುಂದಿನ ಮಾತ್ರೆ ಕೊಡುವ ಮುಂಚೆ ದಮ್ಮಿನ ಡಾಕ್ಟರಿಗೆ ಫೋನ್ ಮಾಡಿ, ಎರಡೂ ವಿಷಯ ಹೇಳಿ. ವಾಂತಿ, ಎದೆ ವಿಪರೀತ ಬಡಿತ, ಫಿಟ್ಸ್ ಕಂಡರೆ ಫೋನೂ ಬೇಡ, ಸೀದಾ ಆಸ್ಪತ್ರೆಗೆ.

ಇನ್ನೊಬ್ಬರು, ರಾಯಚೂರಿನಿಂದ: ಅಡಿನೋಸಿನ್ ಕೊಟ್ಟು ಹೃದಯದ ಟೆಸ್ಟ್ ಮಾಡುವಾಗ ಹಿಂದಿನ ದಿನದಿಂದ ಚಹಾ ಬೇಡ ಅಂದಿದ್ದರು. ಅದೂ ಇದೇ ಲೆಕ್ಕವಾ?

ಫಾರ್ಮಸಿಸ್ಟ್: ಇದೇ ಲೆಕ್ಕ. ಸೀಟು ತುಂಬಿದ್ದರೆ ಔಷಧಿ ಎಲ್ಲಿ ಕೂರಬೇಕು?

ಸಿಂಧನೂರು: ಡಾಕ್ಟರ್ ಸಿಕ್ಕರು. ಆ್ಯಂಟಿಬಯೋಟಿಕ್ ಬದಲಿಸಿದರು, ಇವತ್ತಿನ ದಮ್ಮಿನ ಮಾತ್ರೆ ತಡೆದು ರಕ್ತ ಪರೀಕ್ಷೆಗೆ ಬರೆದರು. ಅಪ್ಪ ಕೇಳುವುದು ಒಂದೇ, ಬೆಳಗಿನ ಚಹಾ ಇದೆಯೋ ಇಲ್ವೋ?

ಫಾರ್ಮಸಿಸ್ಟ್: ಡಾಕ್ಟರ್ ಬೇಡ ಅನ್ನದಿದ್ದರೆ ಬೆಳಿಗ್ಗೆ ಅರ್ಧ ಕಪ್ಪು. ಏಳೆಂಟು ಕುಡಿಯುವವರು ಪೂರ್ತಿ ನಿಲ್ಲಿಸಿದರೆ ಮರುದಿನ ತಲೆ ಸಿಡಿಯುತ್ತದೆ. ಸಂಜೆಯದು ಬೇಡವೇ ಬೇಡ.